ಗೇರ್‌ಬಾಕ್ಸ್ ಬಿಚ್ಚುವ ಮೊದಲು: ಬದಿಯಡ್ಕ ಕಡೆಯ ಒಂದು ಕ್ವಿಕ್‌ಶಿಫ್ಟರ್ ಪ್ರಕರಣ

ಕಾಸರಗೋಡು ಜಿಲ್ಲೆಯ ಒಬ್ಬ ಸವಾರರ ಬೈಕಿನಲ್ಲಿ ಮಳೆಗಾಲ ಮುಗಿಯುವ ಹೊತ್ತಿಗೆ ಗೇರ್ ತೊಂದರೆ ಶುರುವಾಯಿತು. ಎಂಜಿನ್ ಇಳಿಸಿ ಗೇರ್‌ಬಾಕ್ಸ್ ಬಿಚ್ಚಬೇಕು ಎನ್ನುವವರೆಗೆ ಮಾತು ಹೋಯಿತು. ಕೊನೆಗೆ ಎಂಜಿನ್ನಿನ ಒಂದು ಬೋಲ್ಟನ್ನೂ ಮುಟ್ಟದೆ ಬೈಕು ಸರಿಯಾಯಿತು. ನಡುವೆ ಏನೇನಾಯಿತು, ಎಲ್ಲಿ ದಾರಿ ತಿರುಗಿತು ಎಂಬುದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಪರಿಶೀಲನೆಯ ಹೊತ್ತಿನಲ್ಲಿ ನಾನು ಜೊತೆಗಿದ್ದೆ. ಸವಾರರೂ ಮೆಕ್ಯಾನಿಕ್ಕೂ ಒಪ್ಪಿದ ಮೇಲೆಯೇ ಬರೆಯುತ್ತಿರುವುದು. ಹೆಸರು, ಬೈಕಿನ ಕಂಪನಿ, ವರ್ಕ್‌ಶಾಪ್ ಯಾವುದನ್ನೂ ಹೇಳಿಲ್ಲ. ಗುರುತು ಸಿಗಬಹುದಾದ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ.

ಹಿನ್ನೆಲೆ

ಸವಾರರ ಮನೆ ಬದಿಯಡ್ಕದ ಆಚೆ, ಅಡಿಕೆ ತೋಟದ ನಡುವೆ. ಡಾಮರು ರಸ್ತೆಗೆ ಬರಬೇಕಾದರೆ ಸ್ವಲ್ಪ ದೂರ ಕೆಂಪು ಮಣ್ಣಿನ ದಾರಿ. ಕೆಲಸ ಮಂಗಳೂರಿನಲ್ಲಿ. ಸೀತಾಂಗೋಳಿ ದಾಟಿ ಕುಂಬಳೆಗೆ ಇಳಿದರೆ ರಾಷ್ಟ್ರೀಯ ಹೆದ್ದಾರಿ 66. ಅಲ್ಲಿಂದ ಶಿರಿಯ, ಬಂದ್ಯೋಡು, ಉಪ್ಪಳ, ಹೊಸಂಗಡಿ, ತಲಪಾಡಿ. ವಾರದ ಹೆಚ್ಚಿನ ದಿನ ಬೈಕಿನಲ್ಲೇ ಓಡಾಟ. ಆಗ ತಲಪಾಡಿ–ಚೆಂಗಳ ನಡುವೆ ಹೆದ್ದಾರಿಯನ್ನು ಆರು ಪಥ ಮಾಡುವ ಕೆಲಸ ನಡೆಯುತ್ತಿತ್ತು. ಬೇಸಿಗೆಯಲ್ಲಿ ಧೂಳು, ಮಳೆಗೆ ಕೆಸರು. ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಊರು, ಪಕ್ಕದಲ್ಲೇ ಕಡಲು, ಉಪ್ಪುಗಾಳಿ. ಬೈಕಿನ ಕೆಳಭಾಗದ ವೈರಿಂಗ್‌ಗೆ ಇದಕ್ಕಿಂತ ಕಷ್ಟದ ಜಾಗ ಇನ್ನೊಂದಿಲ್ಲ ಅನ್ನಬಹುದು.

ಬೈಕು 400 ಸಿಸಿಯ ಒಳಗಿನದು. ಒಂದೇ ಸಿಲಿಂಡರ್, ಆರು ಗೇರ್. ಕ್ವಿಕ್‌ಶಿಫ್ಟರ್ (ಕ್ಲಚ್ ಹಿಡಿಯದೆ ಗೇರ್ ಹಾಕುವ ವ್ಯವಸ್ಥೆ) ಕಂಪನಿಯಿಂದಲೇ ಬಂದದ್ದು, ಗೇರ್ ಏರಿಸುವಾಗಲೂ ಇಳಿಸುವಾಗಲೂ ಕೆಲಸ ಮಾಡುವಂಥದ್ದು. ಹಿಂದೆ ಇದು ರೇಸ್ ಬೈಕಿನಲ್ಲಿ, ದುಬಾರಿ ಬೈಕಿನಲ್ಲಿ ಮಾತ್ರ ಇರುತ್ತಿತ್ತು. 2020ರಲ್ಲಿ ಕೆಟಿಎಂ 390 ಅಡ್ವೆಂಚರ್ ಭಾರತಕ್ಕೆ ಬಂದಾಗ ಅದರಲ್ಲಿ ಇತ್ತು. 2021ರಲ್ಲಿ ಯಮಹಾ ಆರ್15 ನಾಲ್ಕನೇ ಆವೃತ್ತಿಯ ಕೆಲವು ಮಾದರಿಗಳ ಜೊತೆ 155 ಸಿಸಿ ಬೈಕಿಗೂ ಬಂತು. ಹಾಗಾಗಿ ಈಗ ಕೆಲಸಕ್ಕೆ ಹೋಗಿಬರುವ ಸಾಮಾನ್ಯ ಸವಾರರ ಕಾಲ ಕೆಳಗೂ ಇದರ ಸೆನ್ಸರ್ ಇದೆ. ಅದನ್ನು ನೋಡಿಕೊಳ್ಳುವ ಬಗ್ಗೆ ಮಾತ್ರ ಶೋರೂಮಿನಲ್ಲಿ ಯಾರೂ ಹೇಳುವುದಿಲ್ಲ.

ಇನ್ನೂ ಎರಡು ವಿಷಯ ಹೇಳಬೇಕು, ಮುಂದೆ ಬೇಕಾಗುತ್ತವೆ. ಮಳೆಗಾಲದ ಶುರುವಿನಲ್ಲಿ ಸರ್ವಿಸ್ ರಸ್ತೆಯ ಕೆಸರಿನಲ್ಲಿ ಬೈಕು ಎಡಕ್ಕೆ ಮಗುಚಿತ್ತು. ವೇಗ ಇರಲಿಲ್ಲ, ಸವಾರರಿಗೆ ಏನೂ ಆಗಲಿಲ್ಲ. ಗೇರ್ ಲಿವರ್ ಒಳಕ್ಕೆ ಬಗ್ಗಿತ್ತು. ದಾರಿಬದಿಯ ಒಂದು ಅಂಗಡಿಯಲ್ಲಿ ಅದನ್ನು ನೇರ ಮಾಡಿಸಿ, ಕಾಲಿಗೆ ಸಿಗುವ ಎತ್ತರಕ್ಕೆ ಹೊಂದಿಸಿಕೊಂಡರು. ಎರಡನೆಯದು, ಕೆಸರು ಜಾಸ್ತಿ ಇದ್ದದ್ದರಿಂದ ಆಗಾಗ ವಾಟರ್ ಸರ್ವಿಸ್ ಮಾಡಿಸುತ್ತಿದ್ದರು.

ತೊಂದರೆ

ಮೂರು ಬಗೆಯ ತೊಂದರೆ ಒಂದರ ಹಿಂದೆ ಒಂದು ಬಂದವು.

ಮೊದಲು, ಮೂರರಿಂದ ನಾಲ್ಕಕ್ಕೆ ಹಾಕುವಾಗ ಗೇರ್ ಬೀಳುತ್ತಿರಲಿಲ್ಲ. ಎರಡರ ನಡುವೆ ಸಿಕ್ಕಿಕೊಂಡು ಎಂಜಿನ್ ಸುಮ್ನೆ ಕೂಗುತ್ತಿತ್ತು. ಫಾಲ್ಸ್ ನ್ಯೂಟ್ರಲ್ ಎನ್ನುತ್ತಾರಲ್ಲ, ಅದು. ಲಾರಿಯನ್ನು ಹಿಂದಿಕ್ಕುವಾಗ ಹೀಗಾದರೆ ಎದೆ ಧಸಕ್ಕೆನ್ನುತ್ತದೆ. ಆಮೇಲೆ ಪೇಟೆಯೊಳಗೆ ನಿಧಾನ ಹೋಗುವಾಗ ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಜೋರು ಜರ್ಕ್. ಕೊನೆಗೆ ಬಂದದ್ದು ಎಲ್ಲಕ್ಕಿಂತ ವಿಚಿತ್ರ. ಗೇರ್ ಮುಟ್ಟದೆ, ಒಂದೇ ವೇಗದಲ್ಲಿ ಹೋಗುತ್ತಿರುವಾಗಲೂ ಎಂಜಿನ್ ಅರೆಗಳಿಗೆ ಮಿಸ್ ಹೊಡೆದು ಮತ್ತೆ ಎದ್ದುಕೊಳ್ಳುತ್ತಿತ್ತು. ಮಳೆ ಬಂದ ದಿನ ಜಾಸ್ತಿ, ಬಿಸಿಲಿಗೆ ಕಡಿಮೆ. ಡ್ಯಾಶ್‌ಬೋರ್ಡಿನಲ್ಲಿ ಯಾವ ಎಚ್ಚರಿಕೆ ದೀಪವೂ ಇಲ್ಲ.

ಒಳಗೆ ನಡೆಯುವುದೇನು

ಇಲ್ಲಿ ಸ್ವಲ್ಪ ನಿಲ್ಲಬೇಕು. ಕ್ವಿಕ್‌ಶಿಫ್ಟರ್ ಏನು ಮಾಡುತ್ತದೆ ಎಂದು ತಿಳಿಯದೆ ಮುಂದಿನದು ಅರ್ಥವಾಗುವುದಿಲ್ಲ.

ಬೈಕಿನ ಗೇರ್‌ಬಾಕ್ಸಿನಲ್ಲಿ ಎಲ್ಲ ಗೇರ್‌ಗಳೂ ಯಾವಾಗಲೂ ಒಂದಕ್ಕೊಂದು ಕಚ್ಚಿಕೊಂಡೇ ತಿರುಗುತ್ತವೆ. ಯಾವ ಜೋಡಿ ಶಕ್ತಿ ದಾಟಿಸಬೇಕು ಎಂದು ನಿರ್ಧರಿಸುವುದು ಗೇರಿನ ಪಕ್ಕದಲ್ಲಿ ಎದ್ದುನಿಂತ ದಪ್ಪ ಹಲ್ಲುಗಳು. ಇವಕ್ಕೆ ಡಾಗ್ ಎನ್ನುತ್ತಾರೆ. ಲಿವರ್ ಎತ್ತಿದಾಗ ಶಿಫ್ಟ್ ಡ್ರಮ್ ಎಂಬ ಉರುಳೆ ತಿರುಗುತ್ತದೆ, ಅದರ ಮೈಯಲ್ಲಿ ಕೊರೆದ ತೋಡಿನಲ್ಲಿ ಕೂತ ಫೋರ್ಕ್ ಎಂಬ ಕವಲು ಪಕ್ಕಕ್ಕೆ ಸರಿಯುತ್ತದೆ, ಒಂದು ಗೇರಿನ ಡಾಗ್ ಬಿಟ್ಟು ಇನ್ನೊಂದರದ್ದು ಹಿಡಿಯುತ್ತದೆ. ಆದರೆ ಎಂಜಿನ್ ಎಳೆಯುತ್ತಿರುವಾಗ ಡಾಗ್‌ಗಳು ಒಂದಕ್ಕೊಂದು ಒತ್ತಿಕೊಂಡಿರುತ್ತವೆ. ಎಳೆತ ಹೆಚ್ಚಿದಷ್ಟೂ ಗಟ್ಟಿ ಹಿಡಿಯುವ ಹಾಗೆ ಅವುಗಳ ಬದಿಯನ್ನು ಸ್ವಲ್ಪ ಓರೆಯಾಗಿ ಕೊರೆದಿರುತ್ತಾರೆ. ದನ ಹಗ್ಗ ಜಗ್ಗಿ ನಿಂತಾಗ ಗೂಟದ ಗಂಟು ಬಿಚ್ಚಲು ಆಗುವುದಿಲ್ಲ. ಅದು ಒಂದು ಹೆಜ್ಜೆ ಮುಂದೆ ಬಂದು ಹಗ್ಗ ಸಡಿಲವಾದಾಗ ಸಲೀಸಾಗಿ ಬಿಚ್ಚಬಹುದು. ಕ್ಲಚ್ ಹಿಡಿದಾಗ ಆಗುವುದು ಆ ಸಡಿಲವೇ.

ಕ್ವಿಕ್‌ಶಿಫ್ಟರ್ ಅದೇ ಸಡಿಲವನ್ನು ಕ್ಲಚ್ ಇಲ್ಲದೆ ಮಾಡುತ್ತದೆ. ಗೇರ್ ಲಿವರನ್ನು ಎಂಜಿನ್ನಿಗೆ ಜೋಡಿಸುವ ರಾಡಿನಲ್ಲಿ ಒಂದು ಸೆನ್ಸರ್ ಇರುತ್ತದೆ. ಕಾಲಿನ ಒತ್ತಡ ಒಂದು ಮಟ್ಟ ದಾಟಿದಾಗ ಅದು ಎಂಜಿನ್ನಿನ ಕಂಪ್ಯೂಟರಾದ ಇಸಿಯುಗೆ ಸಂಕೇತ ಕಳಿಸುತ್ತದೆ. ಇಸಿಯು ಕಿಡಿಯನ್ನೋ ಪೆಟ್ರೋಲನ್ನೋ ಹತ್ತಾರು ಮಿಲಿಸೆಕೆಂಡ್ (ಸೆಕೆಂಡಿನ ಸಾವಿರದ ಒಂದು ಭಾಗ) ಮಾತ್ರ ಕಡಿತ ಮಾಡುತ್ತದೆ. ಡಾಗ್ ಸಡಿಲವಾಗುತ್ತದೆ, ಕಾಲು ಆಗಲೇ ಒತ್ತುತ್ತಿರುವುದರಿಂದ ಮುಂದಿನ ಗೇರ್ ಬೀಳುತ್ತದೆ, ಎಂಜಿನ್ ಮತ್ತೆ ಎಳೆಯುತ್ತದೆ. ಇಳಿಸುವಾಗ ಇದರ ತಿರುಗುಮುರುಗು. ಥ್ರಾಟಲ್ ಬಿಟ್ಟಾಗ ಚಕ್ರವೇ ಎಂಜಿನ್ನನ್ನು ದೂಡುತ್ತಿರುತ್ತದೆ. ಆ ಒತ್ತಡ ತಪ್ಪಿಸಲು ಇಸಿಯು ತಾನೇ ಒಂದು ಚೂರು ಥ್ರಾಟಲ್ ತೆರೆಯುತ್ತದೆ. ಅದಕ್ಕೆ ಕೇಬಲ್ ಇಲ್ಲದ ಎಲೆಕ್ಟ್ರಾನಿಕ್ ಥ್ರಾಟಲ್ ಬೇಕು. ಅಗ್ಗದ ಬೈಕುಗಳಲ್ಲಿ ಏರಿಸುವಾಗ ಮಾತ್ರ ಕ್ವಿಕ್‌ಶಿಫ್ಟರ್ ಇರುವುದು ಇದೇ ಕಾರಣಕ್ಕೆ.

ಈಗ ಒಂದು ಸಣ್ಣ ಲೆಕ್ಕ. ಆರ್‌ಪಿಎಂ ಎಂದರೆ ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು. ಕಡಿತ 60 ಮಿಲಿಸೆಕೆಂಡ್ ಎಂದು ಇಟ್ಟುಕೊಳ್ಳಿ. 8,000 ಆರ್‌ಪಿಎಂನಲ್ಲಿ ಫೋರ್‌ಸ್ಟ್ರೋಕ್ ಎಂಜಿನ್ನಿನ ಎರಡು ಸುತ್ತು (ಒಂದು ಕಿಡಿಯಿಂದ ಮುಂದಿನ ಕಿಡಿಯವರೆಗೆ) ಮುಗಿಯಲು 15 ಮಿಲಿಸೆಕೆಂಡ್ ಸಾಕು. ಅಂದರೆ ನಾಲ್ಕು ಕಿಡಿ ತಪ್ಪುತ್ತವೆ, ಡಾಗ್ ಚೆನ್ನಾಗಿ ಸಡಿಲವಾಗುತ್ತದೆ. 3,000 ಆರ್‌ಪಿಎಂನಲ್ಲಿ ಅದೇ ಎರಡು ಸುತ್ತಿಗೆ 40 ಮಿಲಿಸೆಕೆಂಡ್ ಬೇಕು. ಆಗ ತಪ್ಪುವುದು ಒಂದು ಕಿಡಿ, ಹೆಚ್ಚೆಂದರೆ ಎರಡು. ಒಂದೇ ಸಿಲಿಂಡರಿನ ಬೈಕಿನಲ್ಲಿ ಎರಡು ಕಿಡಿಗಳ ನಡುವಿನ ಅಂತರವೇ ದೊಡ್ಡದು. ಇಸಿಯು ಕಡಿತವನ್ನು ಗೇರಿಗೂ ಆರ್‌ಪಿಎಂಗೂ ತಕ್ಕಂತೆ ಬದಲಿಸುತ್ತದೆ ನಿಜ. ಆದರೂ ಕಡಿಮೆ ಆರ್‌ಪಿಎಂನಲ್ಲಿ ಜರ್ಕ್ ಪೂರ್ತಿ ಹೋಗುವುದಿಲ್ಲ. ಸವಾರರ ಎರಡನೆಯ ತೊಂದರೆಗೆ ಉತ್ತರ ಹೆಚ್ಚುಕಡಿಮೆ ಇಲ್ಲೇ ಇತ್ತು.

ಮೊದಲು ಮಾಡಿದ್ದು

ಒಂದು ವರ್ಕ್‌ಶಾಪಿನಲ್ಲಿ ಎಂಜಿನ್ ಆಯಿಲ್ ಬದಲಿಸಿದರು. ಒಳ್ಳೆಯದೇ. ಹಳೆಯ ಆಯಿಲ್‌ನಲ್ಲಿ ಗೇರ್ ಒರಟಾಗುತ್ತದೆ, ಕ್ಲಚ್ಚೂ ಅದೇ ಆಯಿಲ್‌ನಲ್ಲಿ ಮುಳುಗಿರುತ್ತದೆ. ಬುಕ್ಕಿನಲ್ಲಿ ಹೇಳಿದ ದರ್ಜೆಯದ್ದೇ ಹಾಕಿದ್ದರು. ಕ್ಲಚ್ ಕೇಬಲ್ ಹೊಂದಿಸಿದರು, ಚೈನ್ ಬಿಗಿ ಮಾಡಿದರು, ಸ್ಪಾರ್ಕ್ ಪ್ಲಗ್ ಹೊಸದು ಹಾಕಿದರು. ಚೈನ್ ನಿಜಕ್ಕೂ ತುಂಬ ಸಡಿಲವಾಗಿತ್ತು. ಕಡಿತವಾಗಿ ಎಂಜಿನ್ ಮತ್ತೆ ಎಳೆಯುವಾಗ ಸಡಿಲ ಚೈನ್ ಪಟ್ಟನೆ ಬಡಿದು ಜರ್ಕನ್ನು ದುಪ್ಪಟ್ಟು ಮಾಡುತ್ತದೆ. ಅದನ್ನು ಸರಿ ಮಾಡಿದ ಮೇಲೆ ಸ್ವಲ್ಪ ಹಿತವಾಯಿತು. ಆದರೆ ಫಾಲ್ಸ್ ನ್ಯೂಟ್ರಲ್ ಹೋಗಲಿಲ್ಲ, ಮಿಸ್ ಹೊಡೆಯುವುದೂ ನಿಲ್ಲಲಿಲ್ಲ.

ಆಗ ಅಲ್ಲಿ ಹೇಳಿದ್ದು, ಡಾಗ್ ಸವೆದಿದೆ, ಇಲ್ಲಾ ಫೋರ್ಕ್ ಬಗ್ಗಿದೆ, ಬಿಚ್ಚಿಯೇ ನೋಡಬೇಕು ಎಂದು. ಊಹೆ ಪೂರ್ತಿ ಆಧಾರವಿಲ್ಲದ್ದೇನಲ್ಲ. ಅರ್ಧ ಬಿದ್ದ ಗೇರಿನಲ್ಲಿ ಮತ್ತೆ ಮತ್ತೆ ಓಡಿಸಿದರೆ ಡಾಗಿನ ಮೂಲೆ ಸವೆಯುವುದು ಹೌದು. ಆದರೆ ಬಿಚ್ಚುವುದೆಂದರೆ ಎಂಜಿನ್ ಇಳಿಸಿ ಕೇಸ್ ಎರಡು ಭಾಗ ಮಾಡುವ ಕೆಲಸ. ಸವಾರರು ಹೂಂ ಅನ್ನಲಿಲ್ಲ. ಬೈಕನ್ನು ಕುಂಬಳೆ ಕಡೆಯ, ವರ್ಷಗಳಿಂದ ಗುರುತಿದ್ದ ಮೆಕ್ಯಾನಿಕ್ ಹತ್ತಿರ ತಂದರು.

ದಾರಿ ತಿರುಗಿದ್ದು

ಈ ಮೆಕ್ಯಾನಿಕ್ ಸ್ಪ್ಯಾನರ್ ಮುಟ್ಟುವ ಮೊದಲು ಕೇಳಿದರು.

“ಗೇರ್ ಮುಟ್ಟದಿದ್ದಾಗಲೂ ಮಿಸ್ ಹೊಡೆಯುತ್ತದಾ?”

“ಹೌದು ಅಣ್ಣ. ಶಿರಿಯ ಸಂಕದ ಮೇಲೆ ಸುಮ್ನೆ ಹೋಗ್ತಿದ್ದೆ. ಒಮ್ಮೆಲೇ ಹಿಡಿದು ಬಿಟ್ಟ ಹಾಗಾಯ್ತು.”

“ಡಾಗ್ ಸವೆದರೆ ಎಂಜಿನ್ ಯಾಕೆ ಮಿಸ್ ಹೊಡಿಬೇಕು ಮಾರಾಯ? ಕ್ವಿಕ್‌ಶಿಫ್ಟರ್ ಆಫ್ ಮಾಡಿ ಒಂದು ವಾರ ಓಡಿಸಿ ಬಾ. ಕ್ಲಚ್ ಹಿಡಿದೇ ಗೇರ್ ಹಾಕು. ಆಮೇಲೆ ಮಾತಾಡುವ.”

ಇಡೀ ಪ್ರಕರಣದ ತಿರುವು ಈ ಒಂದು ಮಾತು. ಡ್ಯಾಶ್‌ಬೋರ್ಡಿನ ಮೆನುವಿನಲ್ಲಿ ಕ್ವಿಕ್‌ಶಿಫ್ಟರ್ ಆಫ್ ಮಾಡಲು ದಾರಿ ಇತ್ತು. ಖರ್ಚು ಏನೂ ಇಲ್ಲ. ಆದರೂ ಅದುವರೆಗೆ ಯಾರಿಗೂ ಅದು ಹೊಳೆದಿರಲಿಲ್ಲ.

ಆ ವಾರ ಏನನ್ನು ಗಮನಿಸಬೇಕು ಎಂದೂ ಅವರು ಹೇಳಿಕೊಟ್ಟರು. ಪ್ರತಿ ಗೇರಿನಲ್ಲೂ ಖಾಲಿ ರಸ್ತೆ ಸಿಕ್ಕಾಗ ಚೆನ್ನಾಗಿ ಥ್ರಾಟಲ್ ಕೊಡಬೇಕು. ಡಾಗ್ ಸವೆದಿದ್ದರೆ ಎಳೆತಕ್ಕೆ ಗೇರ್ ತಾನಾಗಿ ಹಾರಿ ಹೊರಬರುತ್ತದೆ. ಕ್ವಿಕ್‌ಶಿಫ್ಟರ್ ಆನ್ ಇರಲಿ ಆಫ್ ಇರಲಿ, ಆ ಲಕ್ಷಣ ಅಡಗುವುದಿಲ್ಲ. ಇನ್ನೊಂದು, ಹಳೆಯ ಆಯಿಲ್ ಇಳಿಸುವಾಗ ಡ್ರೈನ್ ಬೋಲ್ಟಿನ ಮ್ಯಾಗ್ನೆಟ್‌ನಲ್ಲಿ ಏನು ಅಂಟಿತ್ತು ಎಂದು ಮೊದಲ ವರ್ಕ್‌ಶಾಪಿಗೆ ಫೋನ್ ಮಾಡಿ ಕೇಳಿಸಿದರು. ಬೂದು ಬಣ್ಣದ ನುಣ್ಣನೆಯ ಪುಡಿ ಮಾತ್ರ ಎಂದು ಅವರು ನೆನಪಿಸಿಕೊಂಡು ಹೇಳಿದರು. ಅದು ಎಲ್ಲ ಎಂಜಿನ್‌ನಲ್ಲೂ ಇರುವಂಥದ್ದು. ಚೂರು, ಚಕ್ಕೆ ಸಿಕ್ಕಿದ್ದರೆ ಮಾತು ಬೇರೆ.

ವಾರ ಕಳೆದು ಬಂದಾಗ ಉತ್ತರ ಸ್ಪಷ್ಟವಿತ್ತು. ಮಿಸ್ ಹೊಡೆಯುವುದು ಪೂರ್ತಿ ನಿಂತಿದೆ. ಕ್ಲಚ್ ಹಿಡಿದರೆ ಆರೂ ಗೇರ್ ಬೀಳುತ್ತವೆ. ಒಂದೂ ಹಾರಿ ಹೊರಬಂದಿಲ್ಲ. ಮೂರರಿಂದ ನಾಲ್ಕಕ್ಕೆ ಮಾತ್ರ ಲಿವರ್ ಸ್ವಲ್ಪ ಗಟ್ಟಿ. ಅಂದರೆ ಗೇರ್‌ಬಾಕ್ಸ್ ಚೆನ್ನಾಗಿದೆ. ತೊಂದರೆ ಇರುವುದು ಕಾಲಿನಿಂದ ಎಂಜಿನ್ ಕೇಸಿನವರೆಗಿನ ಆ ಒಂದು ಗೇಣು ಜಾಗದಲ್ಲಿ.

ಸಿಕ್ಕಿದ್ದು

ರಾಡ್ ಬಿಚ್ಚಿದ ಮೇಲೆ ಒಂದೊಂದೇ ಹೊರಬಂತು.

ರಾಡಿನ ಎರಡು ತುದಿಯ ಬಾಲ್ ಜಾಯಿಂಟ್‌ಗಳಲ್ಲಿ ಕೆಂಪು ಮಣ್ಣು ಕಟ್ಟಿ ಒಣಗಿತ್ತು. ಲಿವರ್ ಕಡೆಯದು ಹೇಗೋ ಆಡುತ್ತಿತ್ತು, ಎಂಜಿನ್ ಕಡೆಯದು ಕೈಯಲ್ಲಿ ತಿರುಗಿಸಲೂ ಕಷ್ಟ. ಇದು ಯಾಕೆ ಮುಖ್ಯ ಎಂದರೆ, ಸೆನ್ಸರ್ ಅಳೆಯುವುದು ಒತ್ತಡವನ್ನು. ರಾಡ್ ಎಷ್ಟು ಸರಿಯಿತು ಎಂಬುದು ಅದಕ್ಕೆ ತಿಳಿಯದು. ಜಾಯಿಂಟ್ ಬಿಗಿದಿದ್ದರೆ ಡ್ರಮ್ ಇನ್ನೂ ಅಲ್ಲಾಡುವ ಮೊದಲೇ ಒತ್ತಡ ಮಟ್ಟ ದಾಟುತ್ತದೆ. ಇಸಿಯು ಕಡಿತ ಮಾಡಿಬಿಡುತ್ತದೆ. ಜಾಯಿಂಟ್ ಬಿಟ್ಟುಕೊಂಡು ಡ್ರಮ್ ತಿರುಗುವ ಹೊತ್ತಿಗೆ ಕಡಿತದ ಸಮಯ ಮುಗಿದು ಎಂಜಿನ್ ಮತ್ತೆ ಎಳೆಯಲು ಶುರು ಮಾಡಿರುತ್ತದೆ. ಗೇರ್ ಅರ್ಧದಲ್ಲಿ ನಿಲ್ಲುತ್ತದೆ. ಫಾಲ್ಸ್ ನ್ಯೂಟ್ರಲ್ ಹುಟ್ಟಿದ್ದು ಹೀಗೆ.

ಮಗುಚಿದ ಮೇಲೆ ಮಾಡಿದ ರಿಪೇರಿಯೂ ಇದಕ್ಕೆ ಸೇರಿಕೊಂಡಿತ್ತು. ಲಿವರ್ ಎತ್ತರ ಹೊಂದಿಸುವಾಗ ಲಾಕ್ ನಟ್ ಸಡಿಲ ಮಾಡಿ ಇಡೀ ರಾಡನ್ನೇ ತಿರುಗಿಸಿದ್ದರು. ಸಾಮಾನ್ಯ ಬೈಕಿನಲ್ಲಿ ಅದು ಸರಿಯಾದ ಕ್ರಮವೇ. ಆದರೆ ಇಲ್ಲಿ ರಾಡಿನ ನಡುವೆ ಸೆನ್ಸರ್ ಇದೆ, ಅದರಿಂದ ವೈರ್ ಹೊರಡುತ್ತದೆ. ರಾಡಿನ ಜೊತೆ ವೈರೂ ತಿರುಚಿ ಬಿಗಿಯಾಗಿತ್ತು. ಪ್ರತಿ ಸಲ ಗೇರ್ ಹಾಕುವಾಗ ಅದು ತನ್ನ ಕಪ್ಲರನ್ನು (ವೈರ್‌ಗಳನ್ನು ಜೋಡಿಸುವ ಪ್ಲಗ್) ಜಗ್ಗುತ್ತಿತ್ತು. ಲಿವರ್ ತುಂಬ ಕೆಳಗೂ ಕೂತಿತ್ತು. ರಾಡ್ ಮತ್ತು ಲಿವರ್ ನಡುವೆ ಹತ್ತಿರ ಹತ್ತಿರ 90 ಡಿಗ್ರಿ ಇದ್ದರೆ ಕಾಲಿನ ಬಲ ನೇರ ಹೋಗುತ್ತದೆ. ಇಲ್ಲಿ ಹಾಗಿರಲಿಲ್ಲ.

ಕಪ್ಲರ್ ಬಿಚ್ಚಿದಾಗ ಮೂರು ಪಿನ್ನುಗಳಲ್ಲಿ ಒಂದರ ಮೇಲೆ ಹಸಿರು ಕಿಲುಬು. ವಾಟರ್ ಸರ್ವಿಸಿನ ಜೋರು ನೀರು ರಬ್ಬರ್ ಸೀಲ್ ದಾಟಿ ಒಳಗೆ ಹೋಗಿತ್ತು, ಜಗ್ಗಿದ ವೈರ್ ಸೀಲನ್ನು ಮೊದಲೇ ಓರೆ ಮಾಡಿತ್ತು. ಇಸಿಯುಗೆ ಬರುವ ಸಂಕೇತವನ್ನು ತೋರಿಸುವ ಸ್ಕ್ಯಾನರ್ ಹಾಕಿ ನೋಡಿದೆವು. ಈ ಬೈಕಿನಲ್ಲಿ ಲಿವರ್ ಮುಟ್ಟದಿದ್ದಾಗ ಸೆನ್ಸರ್ ಸುಮಾರು 2.5 ವೋಲ್ಟ್ ತೋರಿಸಬೇಕು. ಎತ್ತಿದರೆ ಒಂದು ಕಡೆಗೆ, ಒತ್ತಿದರೆ ಇನ್ನೊಂದು ಕಡೆಗೆ ಸರಿಯಬೇಕು. ಇಲ್ಲಿ ಸುಮ್ಮನಿದ್ದಾಗಲೇ ಮೇಲಿತ್ತು, ಕಪ್ಲರ್ ಅಲ್ಲಾಡಿಸಿದರೆ ಕುಣಿಯುತ್ತಿತ್ತು. ರಸ್ತೆಯ ಗುಂಡಿಯಲ್ಲಿ ಕಪ್ಲರ್ ಅಲುಗಿದಾಗ ಇಸಿಯು ಅದನ್ನು ಕಾಲಿನ ಒತ್ತಡ ಎಂದೇ ನಂಬಿ ಕಿಡಿ ಕಡಿತ ಮಾಡುತ್ತಿತ್ತು. ವೈರ್ ಪೂರ್ತಿ ತುಂಡಾಗಿದ್ದರೆ ಎಚ್ಚರಿಕೆ ದೀಪ ಹತ್ತುತ್ತಿತ್ತು. ಸಂಕೇತ ಮಿತಿಯ ಒಳಗೇ ಇದ್ದು ತಪ್ಪಾಗಿದ್ದರೆ ಇಸಿಯುಗೆ ಅದು ತಪ್ಪೆಂದು ಗೊತ್ತಾಗುವ ದಾರಿಯೇ ಇಲ್ಲ.

ಹೊಸ ಸೆನ್ಸರಾ, ಬರೀ ಕಪ್ಲರಾ?

ಇಲ್ಲಿ ಇನ್ನೊಂದು ನಿರ್ಧಾರ ಬೇಕಿತ್ತು. ಹೊಸ ಸೆನ್ಸರ್ ಹಾಕಿದರೆ ಯೋಚನೆಯೇ ಇಲ್ಲ ಎಂಬುದು ಒಂದು ಮಾತು. ಆದರೆ ಅದರ ಬೆಲೆ ಕಡಿಮೆಯದ್ದಲ್ಲ, ಕೆಲವು ಮಾದರಿಗಳಲ್ಲಿ ಹೊಸದನ್ನು ಹಾಕಿದ ಮೇಲೆ ಸ್ಕ್ಯಾನರ್‌ನಿಂದ ಸೊನ್ನೆ ಮಟ್ಟ ಕಲಿಸಬೇಕಾಗುತ್ತದೆ. ಮೆಕ್ಯಾನಿಕ್ ಸೆನ್ಸರಿನ ಬುಡದಲ್ಲಿ ವೈರನ್ನು ಎಲ್ಲ ಕಡೆಗೂ ಬಗ್ಗಿಸಿ ನೋಡಿದರು. ವೋಲ್ಟ್ ಅಲುಗಲಿಲ್ಲ. ಕಪ್ಲರ್ ಹತ್ತಿರ ಮುಟ್ಟಿದರೆ ಮಾತ್ರ ಕುಣಿತ. ಸೆನ್ಸರ್ ಒಳ್ಳೆಯದೇ ಇದೆ ಎಂದು ತೀರ್ಮಾನವಾಯಿತು. ನನಗೆ ಈ ತಾಳ್ಮೆ ತುಂಬ ಇಷ್ಟವಾಯಿತು. ಭಾಗ ಬದಲಿಸುವುದು ಸುಲಭ, ಆದರೆ ಕಪ್ಲರ್ ಹಾಗೇ ಉಳಿದಿದ್ದರೆ ಹೊಸ ಸೆನ್ಸರಿಗೂ ಮುಂದಿನ ಮಳೆಗೆ ಅದೇ ಗತಿ.

ಪಿನ್ನುಗಳನ್ನು ಕಾಂಟ್ಯಾಕ್ಟ್ ಕ್ಲೀನರ್‌ನಿಂದ ತೊಳೆದರು. ಕಿಲುಬು ಆಳಕ್ಕೆ ತಿಂದಿದ್ದರಿಂದ ಕಪ್ಲರನ್ನೇ ಬದಲಿಸಿ ನೀರು ಹೋಗದ ಬಗೆಯದ್ದು ಹಾಕಿದರು, ಸೀಲಿಗೆ ಡೈಎಲೆಕ್ಟ್ರಿಕ್ ಗ್ರೀಸ್ (ವಿದ್ಯುತ್ ಹರಿಸದ ಗ್ರೀಸ್) ಸವರಿದರು. ವೈರಿನ ತಿರುಚು ಬಿಡಿಸಿ, ಲಿವರ್ ಪೂರ್ತಿ ಆಡಿದರೂ ಜಗ್ಗದಷ್ಟು ಸಡಿಲ ಬಿಟ್ಟು ಕಟ್ಟಿದರು. ಜಾಯಿಂಟ್‌ಗಳನ್ನು ತೊಳೆದು ಗ್ರೀಸ್ ತುಂಬಿದರು. ಎಂಜಿನ್ ಕಡೆಯ ಜಾಯಿಂಟ್ ಹೊಸದು. ಲಿವರ್ ಎತ್ತರ ಹೊಂದಿಸಲು ಸೆನ್ಸರನ್ನು ಅಲ್ಲಾಡದಂತೆ ಹಿಡಿದು, ಜಾಯಿಂಟ್ ಕಳಚಿ ಅದನ್ನು ಮಾತ್ರ ತಿರುಗಿಸಿದರು.

ಆಮೇಲೆ

ಮಿಸ್ ಹೊಡೆಯುವುದು ಆ ದಿನದಿಂದಲೇ ನಿಂತಿತು. ಮೂರರಿಂದ ನಾಲ್ಕಕ್ಕೆ ಗೇರ್ ಸಲೀಸಾಗಿ ಬೀಳತೊಡಗಿತು. ಮುಂದಿನ ಮಳೆಗಾಲ ಇಡೀ ಅದೇ ದಾರಿಯಲ್ಲಿ ಓಡಿದರೂ ಅವೆರಡೂ ತಿರುಗಿ ಬರಲಿಲ್ಲ.

ಪೇಟೆಯೊಳಗಿನ ಜರ್ಕ್ ಮಾತ್ರ ಉಳಿಯಿತು. ಮೇಲೆ ಹೇಳಿದ ಲೆಕ್ಕದಂತೆ ಅದು ರಿಪೇರಿಯಿಂದ ಹೋಗುವಂಥದ್ದಲ್ಲ, ಓಡಿಸುವ ಕ್ರಮ ಬದಲಾಗಬೇಕು. ಸವಾರರು ಉಪ್ಪಳ ಪೇಟೆಯ ಗಲಾಟೆಯಲ್ಲಿ 2,500 ಆರ್‌ಪಿಎಂನಲ್ಲೇ ಕ್ಲಚ್ ಇಲ್ಲದೆ ಗೇರ್ ಹಾಕುತ್ತಿದ್ದರು. ಈಗ ಅಲ್ಲಿ ಕ್ಲಚ್ ಹಿಡಿಯುತ್ತಾರೆ. ಖಾಲಿ ರಸ್ತೆಯಲ್ಲಿ, ಥ್ರಾಟಲ್ ತೆರೆದು ಎಂಜಿನ್ ಎಳೆಯುತ್ತಿರುವಾಗ ಮಾತ್ರ ಕ್ವಿಕ್‌ಶಿಫ್ಟರ್. ಹಾಕುವಾಗ ಲಿವರನ್ನು ಮೆಲ್ಲ ತಡವುವುದಿಲ್ಲ, ಒಂದೇ ಸಲ ಪೂರ್ತಿ ಎತ್ತುತ್ತಾರೆ. ಥ್ರಾಟಲ್ ತೆರೆದಿಟ್ಟು ಗೇರ್ ಇಳಿಸುವುದಿಲ್ಲ. ಕಾಲನ್ನು ಲಿವರ್ ಕೆಳಗೆ ತಾಗಿಸಿಯೇ ಇಟ್ಟುಕೊಳ್ಳುವ ಅಭ್ಯಾಸವೂ ಇತ್ತು, ಬೂಟಿನ ಆ ಸಣ್ಣ ಒತ್ತಡವೂ ಸೆನ್ಸರಿಗೆ ತಲುಪುತ್ತದೆ. ಅದನ್ನು ಬಿಡಲು ಸ್ವಲ್ಪ ಸಮಯ ಹಿಡಿಯಿತು.

ನೋಡಿಕೊಳ್ಳುವ ಕೆಲಸ ದೊಡ್ಡದೇನಲ್ಲ. ಚೈನ್ ತೊಳೆದು ಲೂಬ್ ಹಾಕುವ ದಿನವೇ ರಾಡಿನ ಜಾಯಿಂಟ್ ಒರೆಸಿ ಕೈಯಲ್ಲಿ ಆಡಿಸಿ ನೋಡುತ್ತಾರೆ. ಚೈನಿನ ಸಡಿಲ ಸ್ವಿಂಗ್‌ಆರ್ಮ್ ಮೇಲಿನ ಸ್ಟಿಕ್ಕರಿನಲ್ಲಿ ಬರೆದಷ್ಟೇ ಇರಬೇಕು, ಅದಕ್ಕಿಂತ ಬಿಗಿಯೂ ಬೇಡ. ವಾಟರ್ ಸರ್ವಿಸ್‌ಗೆ ಕೊಟ್ಟರೆ ಎಡಬದಿಯ ಸೆನ್ಸರಿನ ಹತ್ತಿರ ಗನ್ ಹಿಡಿಯಬೇಡಿ ಎಂದು ಎದುರು ನಿಂತು ಹೇಳುತ್ತಾರೆ. ಮಳೆಗಾಲದ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ಕಪ್ಲರ್ ಬಿಚ್ಚಿ ನೋಡುವುದು. ಆಯಿಲ್ ಬದಲಿಸುವಾಗ ಮ್ಯಾಗ್ನೆಟ್ ತಾವೇ ನೋಡುವುದು. ಬೈಕು ಬಿದ್ದರೆ, ಲಿವರ್ ಬಗ್ಗಿದರೆ, ರಾಡ್ ಮುಟ್ಟುವವರಿಗೆ ಅದರಲ್ಲಿ ಸೆನ್ಸರ್ ಇದೆ ಎಂದು ಮೊದಲೇ ತಿಳಿಸುವುದು.

ಸೆಕೆಂಡ್ ಹ್ಯಾಂಡ್ ಬೈಕು ಕೊಳ್ಳುವ ಗೆಳೆಯರಿಗೂ ನಾವೀಗ ಇದೇ ಪರೀಕ್ಷೆ ಹೇಳುತ್ತೇವೆ. ಮೊದಲು ಕ್ವಿಕ್‌ಶಿಫ್ಟರ್ ಆಫ್ ಮಾಡಿ, ಕ್ಲಚ್ ಹಿಡಿದು ಆರೂ ಗೇರಿನಲ್ಲಿ ಓಡಿಸಿ. ಎಳೆತಕ್ಕೆ ಗೇರ್ ಹಾರಿದರೆ ಆ ಬೈಕು ಬೇಡ. ಹಾರದಿದ್ದರೆ ಆನ್ ಮಾಡಿ, 5,000 ಆರ್‌ಪಿಎಂ ಮೇಲೆ ಹೋದಾಗ ಗೇರ್ ಏರಿಸಿ. ಆನ್ ಇದ್ದಾಗ ಮಾತ್ರ ತೊಂದರೆ ಕಂಡರೆ ಸೆನ್ಸರ್, ವೈರ್, ರಾಡ್ ನೋಡಿ, ಅದರ ಖರ್ಚನ್ನು ಹಿಡಿದು ರೇಟು ಮಾತಾಡಿ.